ಬಸ್ಸಿನ ಸೀಟಿನ ಫೋಟೊ

ಹೆಸರು, ಊರು ಹಾಕಬೇಡಿ ಎಂದು ತಾಯಿಯೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು. ಮಗಳು ದ್ವಿತೀಯ ಪಿಯುಸಿ, ಇನ್ನೂ 17. ಕಾಲೇಜಿನ ಹುಡುಗನೊಬ್ಬನ ಜೊತೆ ಎಂಟು ತಿಂಗಳಿಂದ ಓಡಾಟ. ಈಚೆಗೆ ಗೆಳತಿಯರ ಜೊತೆ ಮಾತಿಲ್ಲ, ಊಟಕ್ಕೆ ಕೂತರೂ ಫೋನ್ ತಟ್ಟೆಯ ಪಕ್ಕದಲ್ಲೇ. ಅದರ ಗ್ಯಾಲರಿ ತೆರೆದು ನೋಡಿದರೆ ಬರೀ ಬಸ್ಸಿನ ಸೀಟಿನ ಫೋಟೊಗಳು: ಪಕ್ಕದಲ್ಲಿ ಕೂತವರ ಸೀರೆಯ ಅಂಚು, ಬುಟ್ಟಿ, ಚಪ್ಪಲಿ. ಕೇಳಿದ್ದಕ್ಕೆ, "ಪಕ್ಕದಲ್ಲಿ ಹೆಂಗಸರೇ ಕೂತಿದಾರೆ ಅಂತ ಅವನಿಗೆ ತೋರಿಸ್ಬೇಕಮ್ಮ" ಎಂದಳಂತೆ. "ಅವನೇನೂ ಹೊಡೆದಿಲ್ಲ. ಕಾಲೇಜು ಬಿಡಿಸಲೇ? ಫೋನ್ ಕಿತ್ತುಕೊಳ್ಳಲೇ? ಸದ್ಯಕ್ಕೆ ಒಂಬತ್ತನೇ ಕ್ಲಾಸಿನ ತಮ್ಮನಿಗೆ, ಅಕ್ಕನ ಮೇಲೊಂದು ಕಣ್ಣಿಟ್ಟಿರು ಎಂದಿದ್ದೇನೆ" ಎಂದು ಕೇಳಿದ್ದಾರೆ.

ಅಮ್ಮಾ, ಹೊಡೆಯದಿದ್ದರೂ ಇದು ದೌರ್ಜನ್ಯವೇ. ಆ ಫೋಟೊಗಳನ್ನು ನೆನೆದುಕೊಂಡು ಎರಡು ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಸೀಟು ಸಿಕ್ಕಿದ ಸಂತೋಷಕ್ಕೆ ಕಿಟಕಿಯಾಚೆ ನೋಡುತ್ತಾ ಕೂರಬೇಕಾದ ಹುಡುಗಿ, ಪಕ್ಕದವರ ಸೆರಗಿಗೆ ಕ್ಯಾಮೆರಾ ಹಿಡಿದು ಹಾಜರಿ ಹಾಕುತ್ತಿದ್ದಾಳೆ. ತಾನಿರುವ ಜಾಗವನ್ನು ಕ್ಷಣಕ್ಷಣಕ್ಕೂ ತೋರಿಸುವ ಲೈವ್ ಲೊಕೇಶನ್ ಕೂಡ ಅವಳು ಕಳಿಸುತ್ತಾಳೆ ಎಂದಿದ್ದೀರಿ. ವಾಟ್ಸಾಪಿನಲ್ಲಿ ಅದು ಒಂದು ಸಲಕ್ಕೆ ಹೆಚ್ಚೆಂದರೆ 8 ಗಂಟೆ ನಡೆಯುತ್ತದೆ. ಅಂದರೆ ದಿನಾ ಬೆಳಿಗ್ಗೆ ಜಡೆ ಹಾಕಿಕೊಳ್ಳುವ ಹೊತ್ತಿಗೆ ಅದನ್ನು ಹೊಸದಾಗಿ ಒತ್ತುತ್ತಾಳೆ. ಮರೆತ ದಿನ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು.

ಈ ವಯಸ್ಸಿನವರು ಇದಕ್ಕೆ ಇಟ್ಟ ಹೆಸರು 'ಪೊಸೆಸಿವ್'. ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಮೊದಮೊದಲು ಊಟ ಆಯ್ತಾ, ಮನೆ ಸೇರಿದೆಯಾ ಎನ್ನುವ ವಿಚಾರಣೆ. ಆಮೇಲೆ ಆ ಗೆಳತಿ ಸರಿಯಿಲ್ಲ, ಆ ಡ್ರೆಸ್ ಬೇಡ, ಪಾಸ್‌ವರ್ಡ್ ಕೊಡು, ನನ್ನ ಮೇಲೆ ನಂಬಿಕೆ ಇಲ್ವಾ ಎನ್ನುವುದು. ಜಗಳ, ಅಳು, ಸಾರಿ, ಚಾಕೊಲೇಟು, ಮತ್ತೆ ಮೊದಲಿಂದ. ಬಿಟ್ಟುಬಿಡೋಣ ಎಂದರೆ 'ಕೈ ಕುಯ್ದುಕೋತೀನಿ' ಎಂಬ ಬೆದರಿಕೆ. ಮೆಸೇಜ್ ಬಂದಾಗ ಮಗಳ ಮುಖ ನೋಡಿ. ಅರಳುತ್ತದೋ, ಬಿಗಿಯುತ್ತದೋ? ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಕಾಲೇಜು ಬಿಡಿಸುವ ಮಾತಿಗೆ ಬರುತ್ತೇನೆ. ನಾನು ಪಿಯುಸಿ ಓದುವಾಗ ಮೊಬೈಲ್ ಇರಲಿಲ್ಲ, ಪತ್ರಗಳಿದ್ದವು. ನನ್ನ ಪಕ್ಕದ ಬೆಂಚಿನ ಹುಡುಗಿಗೂ ಒಬ್ಬ ಹೀಗೇ ಗಂಟುಬಿದ್ದಿದ್ದ. 'ನಿನ್ನ ಪತ್ರ ನಿಮ್ಮಪ್ಪನ ಕೈಗೆ ಕೊಡ್ತೀನಿ' ಎಂಬ ಒಂದೇ ಮಾತಿನಿಂದ ವರ್ಷಪೂರ್ತಿ ಅವಳನ್ನು ಕುಣಿಸಿದ. ಕೊನೆಗೆ ಕೊಟ್ಟೂ ಬಿಟ್ಟ. ಮರುದಿನದಿಂದ ಅವಳು ಕಾಲೇಜಿಗೆ ಬರಲಿಲ್ಲ, ಪರೀಕ್ಷೆಗೂ ಕೂರಲಿಲ್ಲ. ಕೆಮಿಸ್ಟ್ರಿಯಲ್ಲಿ ನನಗಿಂತ ಎಷ್ಟೋ ಚುರುಕಾಗಿದ್ದವಳು. ಅವನ ಬೆದರಿಕೆಗೆ ಬಲ ಬಂದದ್ದು ಅಪ್ಪನ ಭಯದಿಂದ. ನಿಮ್ಮ ಮಗಳ ವಿಷಯದಲ್ಲೂ ಆ ಹುಡುಗನ ಕೈಯಲ್ಲಿರುವ ದೊಡ್ಡ ಆಯುಧ 'ಮನೇಲಿ ಹೇಳ್ತೀನಿ' ಎಂಬುದೇ. ಅದನ್ನು ಮುರಿಯಲು ನಿಮ್ಮೊಬ್ಬರಿಂದಲೇ ಸಾಧ್ಯ. "ಏನೇ ಆಗಿರಲಿ, ನಿನ್ನ ಓದು ನಿಲ್ಲಲ್ಲ, ನಾನಿದೀನಿ" ಎಂದು ಇವತ್ತೇ ಹೇಳಿ. ಅವನನ್ನು ಬೈಯುತ್ತಾ ಶುರುಮಾಡಬೇಡಿ. ಬೈದರೆ ಅವನ ಪರ ವಾದಿಸುವುದು ಅವಳ ಪಾಲಿಗೆ ಬರುತ್ತದೆ. ಹಾಗಲಕಾಯಿ ಹೆಚ್ಚುತ್ತಲೋ ಬಟ್ಟೆ ಮಡಚುತ್ತಲೋ ಪಕ್ಕದಲ್ಲಿ ಕೂರಿಸಿಕೊಂಡು, ಆ ಫೋಟೊ ತೆಗೆಯುವಾಗ ಎದೆ ಹೊಡ್ಕೊಳ್ಳುತ್ತಾ ಎಂದಷ್ಟೇ ಕೇಳಿ. ಯಜಮಾನರಿಗೆ ಯಾವಾಗ, ಹೇಗೆ ಹೇಳುವುದು ಎಂಬುದನ್ನು ಅವಳನ್ನು ಕೇಳಿಯೇ ತೀರ್ಮಾನಿಸಿ.

ಫೋನ್ ಕಿತ್ತುಕೊಂಡರೆ ಸಾಕ್ಷಿಯೂ ಹೋಗುತ್ತದೆ, ಸಹಾಯ ಕೇಳುವ ದಾರಿಯೂ ಮುಚ್ಚುತ್ತದೆ. ಬ್ಲಾಕ್ ಮಾಡುವ ಮೊದಲು ಬೆದರಿಕೆಯ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ವಾಟ್ಸಾಪಿನ 'ಲಿಂಕ್ಡ್ ಡಿವೈಸಸ್' ತೆರೆದು, ಅವಳ ಖಾತೆ ಬೇರೆಲ್ಲೋ ತೆರೆದುಕೊಂಡಿದೆಯಾ ನೋಡಿ, ಪಾಸ್‌ವರ್ಡುಗಳನ್ನು ಬದಲಿಸಿ. ಬಿಡುತ್ತೇನೆ ಎನ್ನುವ ಹೊತ್ತೇ ಹೆಚ್ಚು ಅಪಾಯದ ಹೊತ್ತು. 'ಕೊನೇ ಸಲ ಒಂದೈದು ನಿಮಿಷ ಸಿಗು' ಎಂದರೆ ಒಬ್ಬಳೇ ಹೋಗಕೂಡದು. ಅವನು ಸಾಯುತ್ತೇನೆ ಎಂದರೆ ಆ ಮಾತು ಅವನ ಮನೆಯವರಿಗೆ ಮುಟ್ಟಬೇಕು. ಅವನ ಜೀವದ ಹೊಣೆ ಹದಿನೇಳರ ಹುಡುಗಿಯ ತಲೆಗೆ ಬೇಡ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ಅವನೂ ಸಹ.

ಖಾಸಗಿ ಫೋಟೊ ಅವನ ಬಳಿ ಇದ್ದರೆ ದಯವಿಟ್ಟು 'ಯಾಕೆ ಕಳಿಸಿದೆ' ಎನ್ನಬೇಡಿ. 18 ತುಂಬದವರ ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಗಂಭೀರ ಅಪರಾಧ. ಸೈಬರ್ ಸಹಾಯವಾಣಿ 1930 ಇದೆ. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಲ್ಲಿ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಜಾಲತಾಣದ ಕಂಪನಿಗಳಿಗೆ ಹೋಗುತ್ತದೆ. ಬೇಡವೆಂದ ಮೇಲೂ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿಗೆ ಬರುತ್ತದೆ. ಇನ್ನೊಂದು ಮಾತು: 18ರೊಳಗಿನವರ ಜೊತೆಗಿನ ಲೈಂಗಿಕ ಸಂಪರ್ಕಕ್ಕೆ 'ಒಪ್ಪಿಗೆ ಇತ್ತು' ಎಂಬ ಸಮಜಾಯಿಷಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಮುಂದೆ ನಡೆಯುವುದಿಲ್ಲ, ಮತ್ತು ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ದೂರಿನಿಂದ ಮುಂದೆ ಏನೇನಾಗುತ್ತದೆ ಎಂದು ಮಗಳಿಗೆ ಮೊದಲೇ ಬಿಡಿಸಿ ಹೇಳಿ. ಏನೂ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅವಳೇ ಮಾತಾಡಲಿ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ.

ಇನ್ನು ಆ ತಮ್ಮ. ಅಕ್ಕ ಎಲ್ಲಿದ್ದಾಳೆ, ಯಾರ ಪಕ್ಕ ಕೂತಿದ್ದಾಳೆ ಎಂದು ನೋಡಿ ವರದಿ ಕೊಡುವ ಕೆಲಸವನ್ನೇ ಅಲ್ಲವೇ ಆ ಹುಡುಗನೂ ಮಾಡುತ್ತಿರುವುದು? ಇನ್ನೆರಡು ವರ್ಷಕ್ಕೆ ನಿಮ್ಮ ಮಗನೂ ಕಾಲೇಜಿಗೆ ಹೋಗುತ್ತಾನೆ, ಅವನಿಗೂ ಒಬ್ಬಳು ಇಷ್ಟವಾಗುತ್ತಾಳೆ. ಅವನನ್ನು ಆ ಕೆಲಸದಿಂದ ಇವತ್ತು ಸಂಜೆಯೇ ಬಿಡಿಸಿ. ತಪ್ಪು ಹೇಳಿಕೊಟ್ಟೆ ಎಂದು ಅಕ್ಕನ ಎದುರಿಗೇ ಅವನಿಗೆ ಹೇಳಿ.