ರಾಷ್ಟ್ರೀಯ ಮಟ್ಟದ ನೀರಿನ ಲ್ಯಾಬ್ ಕಟ್ಟಲು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಒಂದು ಸಣ್ಣ ದೇಶದಲ್ಲಿ ಕುಡಿಯುವ ನೀರು, ಕೊಳಚೆ ನೀರು ಎರಡನ್ನೂ ಪರೀಕ್ಷಿಸುವ ರಾಷ್ಟ್ರೀಯ ಲ್ಯಾಬ್ ಕಟ್ಟುವ ಯೋಜನೆಯಲ್ಲಿ ನಿಮಗೆ ಕೆಲಸ ಸಿಕ್ಕಿದೆ, ಮೊದಲು ಯಾವ ಯಂತ್ರ ಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಕೋಲಾರದಲ್ಲಿ ಹನ್ನೆರಡು ವರ್ಷ ನೀರಿನ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಯಂತ್ರ ಆಮೇಲೆ ನೋಡೋಣ. ಮೊದಲು ಬಾಟಲಿ.

ಒಂದು ಮೇ ತಿಂಗಳಲ್ಲಿ ಮುಳಬಾಗಿಲು ಕಡೆಯ ಹಳ್ಳಿಯಿಂದ ಒಬ್ಬ ನೀರುಗಂಟಿ ಬಂದರು. ಊರಲ್ಲಿ ಮಕ್ಕಳಿಗೆ ವಾಂತಿ ಭೇದಿ ಆಗುತ್ತಿದೆ, ಟ್ಯಾಂಕ್ ನೀರು ನೋಡಿ ಅಂದರು. ನೀರು ತಂದಿದ್ದು ಜ್ಯೂಸ್ ಬಾಟಲಿಯಲ್ಲಿ. ಮುಚ್ಚಳದ ಒಳಗೆ ಕಿತ್ತಳೆ ಬಣ್ಣದ ಅಂಟು ಇನ್ನೂ ಹಾಗೇ ಇತ್ತು. ಎರಡು ಬಸ್ ಬದಲಾಯಿಸಿ, ಬಿಸಿಲಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಮಧ್ಯಾಹ್ನ ಮೂರಕ್ಕೆ ಬಂದು ನಿಂತಿದ್ದರು. ಆ ನೀರನ್ನು ಎಷ್ಟು ದೊಡ್ಡ ಯಂತ್ರಕ್ಕೆ ಹಾಕಿದರೂ ಬರುವ ಉತ್ತರಕ್ಕೆ ಅರ್ಥವಿಲ್ಲ. ಬ್ಯಾಕ್ಟೀರಿಯಾ ಪರೀಕ್ಷೆಗೆ ಸ್ಟೆರಿಲೈಸ್ ಮಾಡಿದ ಬಾಟಲಿಯೇ ಬೇಕು. ಅದರೊಳಗೆ ಮೊದಲೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು, ಇಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಕೊಲ್ಲುತ್ತಾ ಬರುತ್ತದೆ, ಕೆಟ್ಟ ನೀರಿಗೂ ಒಳ್ಳೆ ರಿಪೋರ್ಟ್ ಸಿಗುತ್ತದೆ. ಐಸ್ ಬಾಕ್ಸಿನಲ್ಲಿ ತರಬೇಕು, 24 ಗಂಟೆಯೊಳಗೆ ಪರೀಕ್ಷೆಗೆ ಹಾಕಬೇಕು. ಲೋಹ ನೋಡುವ ಬಾಟಲಿ ಬೇರೆ, ಅದಕ್ಕೆ ನೈಟ್ರಿಕ್ ಆಸಿಡ್ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು.

"ಇದೆಲ್ಲ ನನಗೆ ಯಾರೂ ಹೇಳಿರಲಿಲ್ಲ ಸಾರ್" ಅಂದರು ಆ ಮನುಷ್ಯ. ಸರಿಯಾದ ಬಾಟಲಿ ಕೊಟ್ಟು ವಾಪಸ್ ಕಳಿಸಿದೆವು. ಅವರ ಒಂದು ದಿನ ಹೋಯಿತು. ಊರಿನ ಮಕ್ಕಳಿಗೂ ಒಂದು ದಿನ ಹೋಯಿತು. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ನಿಮ್ಮ ಮೊದಲ ದುಡ್ಡು ಬಾಟಲಿ, ಐಸ್ ಬಾಕ್ಸ್, ತರುವ ಗಾಡಿ ಮತ್ತು ನೀರು ಹಿಡಿಯುವವರ ತರಬೇತಿಗೆ ಹೋಗಲಿ. ನಮ್ಮಲ್ಲಿ 2019ರಲ್ಲಿ ಜಲ ಜೀವನ್ ಮಿಷನ್ ಬಂದ ಮೇಲೆ ಊರಿಗೆ ಐದು ಹೆಣ್ಣುಮಕ್ಕಳಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸುವುದನ್ನು ಕಲಿಸಬೇಕು ಅಂತ ಮಾಡಿದರು. ಕಿಟ್ ಲ್ಯಾಬಿಗೆ ಸಮ ಅಲ್ಲ, ಆದರೆ ಯಾವ ನೀರನ್ನು ಲ್ಯಾಬಿಗೆ ಕಳಿಸಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಇದನ್ನು ನೀವೂ ಮಾಡಿ.

ಇನ್ನೊಂದು ಮಾತು. ರಾಷ್ಟ್ರೀಯ ಲ್ಯಾಬ್ ಅಂದರೆ ದೇಶದ ನೀರೆಲ್ಲ ಅಲ್ಲಿಗೇ ಬರಬೇಕು ಅಂತ ಅಲ್ಲ. ಜಿಲ್ಲೆಯ ಸಣ್ಣ ಲ್ಯಾಬ್‌ಗಳು ಕೊಡುವ ಅಂಕಿಯನ್ನು ಜನ ನಂಬುವಂತೆ ಮಾಡುವುದೇ ಅದರ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ನಾನು ಮೊದಲು ಇದ್ದ ಒಂದು ಲ್ಯಾಬಿನಲ್ಲಿ ಆದದ್ದು ಕೇಳಿ. ಒಂದೇ ಬೋರಿನ ನೀರು, ನಮ್ಮಲ್ಲಿ ಫ್ಲೋರೈಡ್ 1.3 ಮಿಲಿಗ್ರಾಂ ಬಂತು, ಇನ್ನೊಂದು ಕಡೆ 1.9. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರ ತನಕ. ಅಂದರೆ ನಮ್ಮ ಕಾಗದದಲ್ಲಿ ಆ ಊರು ಪಾಸ್, ಅವರ ಕಾಗದದಲ್ಲಿ ಫೇಲ್. ಹುಡುಕಿದರೆ ತಪ್ಪು ನಮ್ಮದೇ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಅದ್ದುವ ಮುಂಚೆ ನೀರಿಗೆ ಬೆರೆಸಬೇಕಾದ ಬಫರ್ ದ್ರಾವಣ ಮುಗಿದು ಹೋಗಿತ್ತು, ಯಾರೋ ಹಾಗೇ ಅಳೆದಿದ್ದರು. ನಮ್ಮ ಕಡೆ ಬೋರಿನ ನೀರಲ್ಲಿ ಉಪ್ಪಿನಂಶ ಜಾಸ್ತಿ, ಬಫರ್ ಇಲ್ಲದೆ ಅಂಕಿ ಕಡಿಮೆ ತೋರಿಸಿತು. ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿನ ಮೇಲೆ ಕಂದು ಪಟ್ಟಿ ಬಂದ ಮಕ್ಕಳಿರುವ ಊರಿಗೆ ನಾವು ಪಾಸ್ ಅಂತ ಬರೆದು ಕೊಟ್ಟಿದ್ದೆವು.

ಇದನ್ನು ತಡೆಯಲು ದಾರಿ ಇದೆ. ಎಷ್ಟು ಫ್ಲೋರೈಡ್ ಇದೆ ಅಂತ ನಿಮಗೆ ಮಾತ್ರ ಗೊತ್ತಿರುವ ನೀರನ್ನು ಎಲ್ಲ ಲ್ಯಾಬ್‌ಗಳಿಗೂ ಕಳಿಸಿ, ಯಾರ ಉತ್ತರ ಎಷ್ಟು ದೂರ ಇದೆ ನೋಡುವುದು. ಪ್ರೊಫಿಷಿಯೆನ್ಸಿ ಟೆಸ್ಟಿಂಗ್ ಅಂತಾರೆ, ಅದನ್ನು ನಡೆಸುವವರಿಗೆ ಐಎಸ್‌ಒ 17043 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಲ್ಯಾಬಿನ ಒಳಗಿನ ಶಿಸ್ತಿಗೆ ಐಎಸ್‌ಒ 17025, ಭಾರತದಲ್ಲಿ ಅದಕ್ಕೆ ಮಾನ್ಯತೆ ಕೊಡುವುದು ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್. ಮೊದಲ ದಿನದಿಂದಲೇ ಇದನ್ನು ಇಟ್ಟುಕೊಂಡು ಕಟ್ಟಿ, ಆಮೇಲೆ ತೇಪೆ ಹಾಕುವುದು ಬಹಳ ಕಷ್ಟ.

ಕಟ್ಟಡದ ವಿಷಯದಲ್ಲಿ ಹಟ ಹಿಡಿಯಬೇಕಾದ್ದು ಒಂದೇ. ಕೊಳಚೆ ನೀರಿನ ವಿಭಾಗ ಪೂರ್ತಿ ಬೇರೆ ಇರಲಿ. ಬಾಗಿಲು ಬೇರೆ, ಗಾಜಿನ ಸಾಮಾನು ಬೇರೆ, ತೊಳೆಯುವ ಜಾಗವೂ ಬೇರೆ. ಕುಡಿಯುವ ನೀರಲ್ಲಿ 100 ಮಿಲಿಗೆ ಒಂದೇ ಒಂದು ಇ-ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಕೂಡ ಇರಬಾರದು, ಕೊಳಚೆಯಲ್ಲಿ ಅದು ಲಕ್ಷಗಟ್ಟಲೆ ಇರುತ್ತದೆ. ಒಂದು ಪಿಪೆಟ್ ಆ ಕಡೆಯಿಂದ ಈ ಕಡೆ ಬಂದರೆ ಸಾಕು. ಆಮೇಲೆ ಕರೆಂಟು. ಕೊಳಚೆ ಕೊಳೆಯಲು ಎಷ್ಟು ಆಮ್ಲಜನಕ ಬೇಕು ಅಂತ ನೋಡುವ ಬಿಒಡಿ ಪರೀಕ್ಷೆಗೆ ನಮ್ಮಲ್ಲಿ ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತೇವೆ, ಬೇರೆ ಕಡೆ 20 ಡಿಗ್ರಿಯಲ್ಲಿ ಐದು ದಿನ. ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ನಿಂತರೆ ಅಷ್ಟೂ ದಿನದ ಕೆಲಸ ಹಾಳು.

ಲ್ಯಾಬ್ ಯಾರ ಕೈಕೆಳಗೆ ಇರಬೇಕು ಅನ್ನುವುದು ಯಂತ್ರಕ್ಕಿಂತ ದೊಡ್ಡ ವಿಷಯ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಸಾವಿರ ಅಡಿ ಕೊರೆದರೂ ನೀರು ಸಿಗದ ರೈತರು, ಕೆರೆ ತುಂಬಿದ್ದು ನೋಡಿ ಎಷ್ಟೋ ಜನಕ್ಕೆ ಖುಷಿಯಾಯಿತು. ಅದೇ ವರ್ಷ ನೊರೆ ಕಾಣಿಸಿ ವಿಷಯ ಹೈಕೋರ್ಟಿಗೂ ಹೋಯಿತು. ಆಗ ಟೀ ಅಂಗಡಿಯಲ್ಲಿ ಕೂತವರು ನನ್ನನ್ನು ಕೇಳುತ್ತಿದ್ದದ್ದು ನೀರಲ್ಲಿ ಏನಿದೆ ಅಂತ ಅಲ್ಲ, ಯಾರ ರಿಪೋರ್ಟ್ ನಂಬಬೇಕು ಅಂತ. ನೀರು ಶುದ್ಧ ಮಾಡುವವರೇ ಪರೀಕ್ಷೆಯನ್ನೂ ಮಾಡಿದರೆ ಈ ಪ್ರಶ್ನೆ ಬಂದೇ ಬರುತ್ತದೆ, ಅಲ್ವಾ? ಆದ್ದರಿಂದ ನಿಮ್ಮ ಲ್ಯಾಬ್ ನೀರು ಸರಬರಾಜು ಮಾಡುವ ಇಲಾಖೆಯ ಕೆಳಗೆ ಇರದಂತೆ ಈಗಲೇ ಒತ್ತಾಯ ಮಾಡಿ.

ಈಗ ಯಂತ್ರ. ನಿಮ್ಮ ನೆಲದಲ್ಲಿ ಏನಿದೆಯೋ ಅದನ್ನು ನೋಡಿ ಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಕೆಲವು ಹಳ್ಳಿಗಳ ಬೋರ್ ನೀರಲ್ಲಿ ಫ್ಲೋರೈಡ್ ಜೊತೆ ಯುರೇನಿಯಂ ಕೂಡ ಸಿಕ್ಕಿದೆ, ಅದು ಇಲ್ಲಿನ ಗ್ರಾನೈಟ್ ಬಂಡೆಯಿಂದ ಬರುವಂಥದ್ದು. ಲೀಟರಿಗೆ 0.03 ಮಿಲಿಗ್ರಾಂ ಅದರ ಮಿತಿ. ಇಷ್ಟು ಸಣ್ಣ ಪ್ರಮಾಣದ ಲೋಹಗಳನ್ನೆಲ್ಲ ಒಟ್ಟಿಗೆ ನೋಡಲು ಐಸಿಪಿ-ಎಂಎಸ್ ಅನ್ನುವ ಯಂತ್ರ ಬೇಕು. ಆದರೆ ಅದಕ್ಕೆ ಆರ್ಗಾನ್ ಗ್ಯಾಸ್ ತಪ್ಪದೆ ಬರಬೇಕು, ಎಸಿ ನಿಲ್ಲಬಾರದು, ಕೆಟ್ಟರೆ ವಾರದೊಳಗೆ ಬರುವ ಎಂಜಿನಿಯರ್ ಇರಬೇಕು. ಇವು ಮೂರೂ ಖಾತ್ರಿಯಾಗದೆ ಆರ್ಡರ್ ಕೊಡಬೇಡಿ, ಸುಮ್ನೆ ಬಟ್ಟೆ ಮುಚ್ಚಿಕೊಂಡು ಕೂತಿರುತ್ತದೆ.

ನಿಮ್ಮಿಂದ ನನಗೆ ಒಂದು ವಿವರ ಬೇಕು. ನೀವು ಲ್ಯಾಬ್ ಕಟ್ಟುವ ಊರಿಗೆ ಆ ದೇಶದ ಅತಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ? ಅದನ್ನು ತಿಳಿಸಿದರೆ ಬ್ಯಾಕ್ಟೀರಿಯಾ ಪರೀಕ್ಷೆಗೆ ಇನ್ನೂ ಎಷ್ಟು ಕಡೆ ಸಣ್ಣ ಲ್ಯಾಬ್ ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.