ಪ್ರತಿವರ್ಷ ಯಾಜಕಕಾಂಡದಲ್ಲೇ ನಿಲ್ಲುವ ಬೈಬಲ್ ಓದು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮೂರು ವರ್ಷದಿಂದ ಜನವರಿ 1ಕ್ಕೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆಗೆಯುತ್ತೇನೆ, ದಿನಕ್ಕೆ ಮೂರು ಅಧ್ಯಾಯ. ಪ್ರತಿಸಲ ಮೂರನೆಯ ಪುಸ್ತಕ ಯಾಜಕಕಾಂಡಕ್ಕೆ ಬಂದು ನಿಂತುಬಿಡುತ್ತದೆ. ಬೆಳಿಗ್ಗೆ 5ಕ್ಕೆ ನಲ್ಲಿ ನೀರು, 6.50ಕ್ಕೆ ಲೋಕಲ್, ಮನೆ ಸೇರುವಾಗ ರಾತ್ರಿ 8.30. ನನ್ನಲ್ಲಿ ಭಕ್ತಿಯೇ ಕಡಿಮೆಯೋ ಏನೋ.
— ಓದುಗರು, ಡೊಂಬಿವಲಿ

ಉತ್ತರ: ಭಕ್ತಿಯ ಮಾತು ಆಮೇಲೆ, ಮೊದಲು ಲೆಕ್ಕ ನೋಡೋಣ. ಸತ್ಯವೇದದ, ಅಂದರೆ ಬೈಬಲಿನ, 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಕಾಗದದ ಮೇಲೆ ಏನೂ ತಪ್ಪಿಲ್ಲ. ಆದರೆ ದಿನಕ್ಕೆ ಮೂರರಂತೆ ಹೊರಟವರು ಜನವರಿ 25ಕ್ಕೆ ಸರಿಯಾಗಿ ವಿಮೋಚನಕಾಂಡ 25ಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಯೋಸೇಫ, ಮೋಶೆ, ಕೆಂಪು ಸಮುದ್ರ ಎಂದು ಕಥೆಯೇ ಕೈಹಿಡಿದು ನಡೆಸುತ್ತದೆ. ಅಲ್ಲಿಂದಾಚೆ ದೇವದರ್ಶನದ ಗುಡಾರದ ಅಳತೆಗಳು: ಎರಡೂವರೆ ಮೊಳದ ಮಂಜೂಷ, 28 ಮೊಳದ ಪರದೆ. ತಿಂಗಳು ಮುಗಿಯುವಾಗ ಯಾಜಕಕಾಂಡ, ಮೊದಲ ಏಳು ಅಧ್ಯಾಯ ಬರೀ ಯಜ್ಞವಿಧಿ. ನಿಮ್ಮಂತೆ ಬಹಳ ಜನ ನಿಲ್ಲುವುದು ಅಲ್ಲೇ.

ಇನ್ನೊಂದು ಎಡವಟ್ಟು ಬಾಕಿಯದ್ದು. ನಾಲ್ಕು ದಿನ ತಪ್ಪಿತು ಅಂದುಕೊಳ್ಳಿ, 12 ಅಧ್ಯಾಯ ಬಾಕಿ. ಐದನೆಯ ದಿನದ್ದು ಸೇರಿ 15. ಅಷ್ಟನ್ನು ಒಂದೇ ಕೂತಿನಲ್ಲಿ ತೀರಿಸಲು ಹೋದರೆ ಕಣ್ಣು ಓಡುತ್ತದೆ, ತಲೆಗೇನೂ ಹತ್ತುವುದಿಲ್ಲ. ಆಮೇಲೆ ಪುಸ್ತಕ ಕಂಡರೇ ಸಾಲಗಾರನನ್ನು ಕಂಡಂತೆ. ಆದ್ದರಿಂದ ತಾರೀಖು ಹಾಕಿದ ಪಟ್ಟಿ ಬೇಡ, ಪುಟಗುರುತಿನ ಚೀಟಿ ಒಂದು ಸಾಕು. ತಪ್ಪಿದ ದಿನ ತಪ್ಪಿತು; ಗುರುತು ಎಲ್ಲಿದೆಯೋ ಅಲ್ಲಿಂದ ಮುಂದೆ.

ಅಳತೆಯನ್ನು ನಿಮ್ಮ ಅತಿ ಕೆಟ್ಟ ದಿನಕ್ಕೆ ಹೊಂದಿಸಿ. ಮಳೆಗೆ ಗಾಡಿ ನಿಂತು, 10 ಗಂಟೆಗೆ ಮನೆ ಸೇರಿ, ಮರುದಿನ ಮತ್ತೆ 5ಕ್ಕೆ ಎದ್ದರೂ ಆಗುವಷ್ಟೇ ಇರಲಿ. ನಮ್ಮ ಲೆಕ್ಕದಲ್ಲಿ ಅದು ಅರ್ಧ ಅಧ್ಯಾಯ, ಏಳೆಂಟು ನಿಮಿಷ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಅದರಲ್ಲಿ 16 ಅಧ್ಯಾಯ, 32 ದಿನಕ್ಕೆ ಮುಗಿಯುತ್ತದೆ. ವಚನ ಎಣಿಸಿ ಅರ್ಧ ಮಾಡಬೇಡಿ, ಉಪಶೀರ್ಷಿಕೆ ಬರುವಲ್ಲಿ ನಿಲ್ಲಿಸಿ. ವಚನಗಳಿಗೆ ಈಗಿನ ಸಂಖ್ಯೆಗಳು ಬಂದದ್ದು 16ನೇ ಶತಮಾನದಲ್ಲಿ. ಪ್ರಸಂಗ ಎಲ್ಲಿ ಮುಗಿಯುತ್ತದೆಂದು ಅವು ಹೇಳುವುದಿಲ್ಲ.

ಹೊತ್ತು ಹುಡುಕಬೇಡಿ, ಇರುವ ಕೆಲಸಕ್ಕೆ ಗಂಟುಹಾಕಿ. ನೀರು ತುಂಬಿಸಿ ನಲ್ಲಿ ನಿಲ್ಲಿಸಿದ ಮೇಲೆ, ಚಹಾಕ್ಕೆ ಇಡುವ ಮುಂಚೆ. ಪುಸ್ತಕ ಅಡುಗೆಮನೆಯ ಶೆಲ್ಫಿನ ಮೇಲೇ ಇರಲಿ, ತೆರೆದುಕೊಳ್ಳುವಂತೆ. ಜಿಪ್ ಕವರ್ ಹಾಕಿ ಷೋಕೇಸಿನಲ್ಲಿಟ್ಟದ್ದು ಭಾನುವಾರ ಸಭೆಗೆ ಹೊರಡುವಾಗಲೇ ಕೈಗೆ ಬರುವುದು.

ಓದುವುದು ಹೇಗೆ? ಮಾರ್ಕ 4ರ ಕೊನೆಯ ಪ್ರಸಂಗ ತೆಗೆಯಿರಿ, 35ರಿಂದ 41. ಬಿರುಗಾಳಿ, ದೋಣಿಗೆ ನೀರು, ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆಯಲ್ಲಿದ್ದಾನೆ. ಇದೇ ಘಟನೆ ಮತ್ತಾಯ 8, ಲೂಕ 8ರಲ್ಲೂ ಇದೆ, ಆದರೆ ದಿಂಬು ಮಾರ್ಕನಲ್ಲಿ ಮಾತ್ರ. ಸರಸರ ಓದಿದರೆ ಕಾಣದ ಇನ್ನೊಂದು ಸಂಗತಿ: ಶಿಷ್ಯರು ಮಹಾ ಭಯಪಟ್ಟರು ಎಂದು ಮಾರ್ಕ ಬರೆಯುವುದು ಗಾಳಿ ನಿಂತ ಮೇಲೆ! ಯಾಕೆ? ಆ 'ಯಾಕೆ'ಯನ್ನೇ ಬಾಯಲ್ಲಿಟ್ಟುಕೊಂಡು ಲೋಕಲ್ ಹತ್ತಿ. ಸಾಧಾರಣ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಬರೆಯಿರಿ: ತಾರೀಖು, ಭಾಗ, ಕಣ್ಣಿಗೆ ಬಿದ್ದ ಒಂದು ಸಂಗತಿ ಅಥವಾ ಪ್ರಶ್ನೆ. ಪುಟಗಟ್ಟಲೆ ಬರೆಯಲು ಹೊರಟವರು ವಾರದಲ್ಲಿ ಓದನ್ನೂ ಬಿಡುತ್ತಾರೆ. ಕೊನೆಗೆ ಆ ಭಾಗದ್ದೇ ಮಾತು ಹಿಡಿದು ಎರಡು ವಾಕ್ಯ ಪ್ರಾರ್ಥನೆ.

ಲೋಕಲ್‌ನಲ್ಲಿ ಪುಸ್ತಕ ಬಿಡಿಸಲು ಜಾಗವೆಲ್ಲಿ? ಅಲ್ಲಿ ಕಿವಿಯೇ ಗತಿ. ಬೆಳಿಗ್ಗೆ ಓದಿದ್ದನ್ನೇ ಆಡಿಯೋದಲ್ಲಿ ಇನ್ನೊಮ್ಮೆ ಕೇಳಿ, ಹೊಸ ಭಾಗ ಬೇಡ. ಪ್ರಯಾಣದಲ್ಲಿ ಓದುವುದಕ್ಕೆ ಸತ್ಯವೇದದಲ್ಲೇ ಆಧಾರವಿದೆ ಅನ್ನಿ: ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ (ರಾಣಿಯ ಆಸ್ಥಾನದ ಅಧಿಕಾರಿ) ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ. ಗಟ್ಟಿಯಾಗಿ ಓದುತ್ತಿದ್ದುದರಿಂದಲೇ ಫಿಲಿಪ್ಪನಿಗೆ ಕೇಳಿಸಿದ್ದು. ಅರ್ಥವಾಗುತ್ತಿದೆಯೇ ಎಂದರೆ, ತಿಳಿಸಿಕೊಡುವವರಿಲ್ಲದೆ ಹೇಗೆ ಎಂದ. ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಭಾನುವಾರ ಸಭಾಪಾಲಕರ ಮುಂದಿಡಿ.

ಬೆಳಿಗ್ಗೆ ವಾಟ್ಸ್ಆ್ಯಪ್‌ಗೆ ಬರುವ ವಚನ ಓದಿನ ಲೆಕ್ಕಕ್ಕೆ ಬರುವುದಿಲ್ಲ. ಸೂರ್ಯೋದಯದ ಚಿತ್ರದ ಮೇಲೆ, ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಯೆರೆಮೀಯ 29:11 ಎಷ್ಟು ಸಲ ಬಂದಿಲ್ಲ! ಅದರ ಹಿಂದಿನ ವಚನ, ಸೆರೆಯಾಗಿ ಹೋದವರು ಬಾಬೆಲಿನಲ್ಲಿ 70 ವರ್ಷ ಕಳೆಯಬೇಕೆನ್ನುತ್ತದೆ. ಇನ್ನೂ ಮೇಲೆ ಹೋದರೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಸೇರಿದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬ ಮಾತು. ಊರು ಬಿಟ್ಟು ಮುಂಬಯಿಗೆ ಬಂದವರಿಗೆ ಬರೆದ ಕಾಗದದಂತೆಯೇ ಇದೆ, ಚಿತ್ರದಲ್ಲಿ ಅದೇ ಇರುವುದಿಲ್ಲ.

ಮಾರ್ಕ ಮುಗಿದ ಮೇಲೆ ಲೂಕ, ಅಪೊಸ್ತಲರ ಕೃತ್ಯಗಳು ಒಟ್ಟಿಗೆ. 24 ಮತ್ತು 28 ಅಧ್ಯಾಯ, ಬರೆದ ಕೈ ಒಂದೇ. ಆಮೇಲೆ ಆದಿಕಾಂಡ, ವಿಮೋಚನಕಾಂಡ 20ರವರೆಗೆ. ಯಾಜಕಕಾಂಡಕ್ಕೆ ಬರುವಾಗ 16ನೇ ಅಧ್ಯಾಯ ಮೊದಲು ಓದಿ, ಅದರ ಬೆನ್ನಿಗೇ ಇಬ್ರಿಯರಿಗೆ ಬರೆದ ಪತ್ರಿಕೆಯ 9. ಮಹಾಯಾಜಕ ರಕ್ತ ಹಿಡಿದು ತೆರೆಯೊಳಗೆ ಹೋಗುವುದು ಯಾಕೆಂದು ಗೊತ್ತಾದರೆ ಉಳಿದ ವಿಧಿಗಳು ಅಷ್ಟು ಒಣಗಿದಂತೆ ಕಾಣವು.

ಪ್ರಶ್ನೆ: ಮಗಳಿಗೆ 11 ವರ್ಷ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಮರಾಠಿ ಓದುತ್ತಾಳೆ. ಮನೆಯಲ್ಲಿ ಒಟ್ಟಿಗೆ ಓದುವುದು ಹೇಗೆ?
— ಓದುಗರು, ಪಿಂಪ್ರಿ

ಉತ್ತರ: ನೀವು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಅವಳು ಅದೇ ಭಾಗವನ್ನು ಮರಾಠಿ ಬೈಬಲಿನಲ್ಲಿ ಬೆರಳಿಟ್ಟು ನೋಡಲಿ. ಹತ್ತು ವಚನಕ್ಕಿಂತ ಹೆಚ್ಚು ಬೇಡ. ಹಳೆಯ ಸತ್ಯವೇದದ ಕನ್ನಡ ಅವಳಿಗೆ ಕಷ್ಟವಾದೀತು. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡದ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ, ಸರಳವಾದದ್ದು ಆರಿಸಿ. ಓದುವಷ್ಟು ಹೊತ್ತು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಟಿಂಗ್ ಟಿಂಗ್ ಇಲ್ಲ, ಆದರೆ ಪಠ್ಯ ಮೊದಲೇ ಡೌನ್‌ಲೋಡ್ ಆಗಿರಬೇಕು. ಎರಡು ಭಾಷೆಯಲ್ಲಿ ಪದ ಬೇರೆಯಾದ ಕಡೆ ಅವಳೇ ಕೇಳುತ್ತಾಳೆ, ಆ ಪ್ರಶ್ನೆಗೆ ಹೊತ್ತು ಕೊಡಿ. ನಿಮ್ಮ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಬೈಬಲನ್ನು ಮೂಲಭಾಷೆಗಳಿಂದ ಮರಾಠಿಗೆ ತಂದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ. ಮಗಳಿಗೆ ಇದನ್ನೂ ಹೇಳಿ.

ಪ್ರಶ್ನೆ: ನಾವು ಕಥೋಲಿಕರು. ಈ ಪಟ್ಟಿ ನಮಗೂ ಆಗುತ್ತದೆಯೇ?
— ಓದುಗರು, ವಾಸ್ಕೋ

ಉತ್ತರ: ಆಗುತ್ತದೆ, ಆದರೆ ನಿಮಗೆ ಬೇರೆ ಪಟ್ಟಿಯ ಅಗತ್ಯವೇ ಇಲ್ಲ. ಬಲಿಪೂಜೆಯ ವಾಚನಗಳು ಪ್ರತಿದಿನಕ್ಕೂ ಗೊತ್ತಾಗಿವೆ: ಭಾನುವಾರದ್ದು ಮೂರು ವರ್ಷದ ಸುತ್ತು, ಕ್ರಮವಾಗಿ ಮತ್ತಾಯ, ಮಾರ್ಕ, ಲೂಕ ಮುಖ್ಯ, ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷದ್ದು. ನಿಮ್ಮ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ 1,189ರ ಲೆಕ್ಕ ಹೊಂದುವುದಿಲ್ಲ. ವಾಚನಗಳು ತುಂಡುತುಂಡಾಗಿ ಬರುತ್ತವೆ, ಹಾಗಾಗಿ ಅಂದಿನ ಶುಭಸಂದೇಶದ (ಸುವಾರ್ತೆಯ ಭಾಗದ) ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಸೇರಿಸಿಕೊಂಡು ಓದಿ. ಶನಿವಾರ ರಾತ್ರಿಯೇ ಭಾನುವಾರದ್ದನ್ನು ಓದಿಟ್ಟರೆ ಗುರುಗಳ ಪ್ರಬೋಧನೆ ಶುರುವಾಗುವಾಗ ನಿಮ್ಮಲ್ಲೂ ಒಂದು ಪ್ರಶ್ನೆ ಇರುತ್ತದೆ.