ಆ ಹುಡುಗ ಯಾವ ರಾಜ್ಯದವನು?

"ನಿಮ್ಮ ಬೀದರಿನಲ್ಲಿ ಗುರುದ್ವಾರವಿದೆ, ಮಠಗಳಿವೆ, ದರ್ಗಾಗಳಿವೆ. ಆದರೂ ನಿಲ್ದಾಣದಲ್ಲಿ ಮಕ್ಕಳು ಮಲಗಿದ್ದರು. ಯಾರಾದರೂ ಕರೆದೊಯ್ದು ಇಟ್ಟುಕೊಳ್ಳಬಾರದೇ? ಅವರೇನು ನಮ್ಮ ಮಕ್ಕಳೋ ಅಲ್ಲವೋ, ಒಬ್ಬರಿಗೂ ಕನ್ನಡ ಬರುವುದಿಲ್ಲ" ಎಂದು ಬೆಂಗಳೂರಿಗೆ ಮರಳಿದ ಮೇಲೆ ಬರೆದಿದ್ದೀಯ. ಮೊದಲ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸಬಲ್ಲೆ. ಕೊನೆಯ ಮಾತು ಎರಡು ದಿನ ನನ್ನನ್ನು ಚುಚ್ಚುತ್ತಲೇ ಇತ್ತು.

ಹಸಿದವರಿಗೆ ಅನ್ನ ಹಾಕುವ ವಿಷಯದಲ್ಲಿ ನಮ್ಮ ಊರಿನತ್ತ ಯಾರೂ ಬೆರಳು ಮಾಡುವಂತಿಲ್ಲ. ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಣಬಡಿಸುವ ಪಂಕ್ತಿಯಲ್ಲಿ, ಜಾತಿ, ಊರು, ಭಾಷೆ ಯಾವುದನ್ನೂ ಕೇಳದೆ ಬಡಿಸುತ್ತಾರೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಭಾಲ್ಕಿ ಹಿರೇಮಠ ಅನಾಥ ಮಕ್ಕಳನ್ನು ಸಾಕುತ್ತಾ ಬಂದಿದೆ. ಅಷ್ಟೂರಿನಲ್ಲಿ ಸುಲ್ತಾನನ ಗೋರಿಯ ಉರುಸಿಗೆ ಜಂಗಮರು ಬರುವ ನಾಡು ನಮ್ಮದು.

ಆದರೆ ಉಣ್ಣಿಸುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ದಿಕ್ಕಿಲ್ಲದ ಮಗು ಸಿಕ್ಕರೆ ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ನೋಂದಣಿಯಿಲ್ಲದೆ ಮಠವಾಗಲಿ, ಮಸೀದಿಯಾಗಲಿ, ಚರ್ಚಾಗಲಿ ಇಂಥ ಮಕ್ಕಳಿಗಾಗಿ ಆಶ್ರಮ ನಡೆಸುವಂತಿಲ್ಲ. ಮಗು ಸಿಕ್ಕಿದ್ದನ್ನು ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಕಾಯ್ದೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಪುಣ್ಯದ ಹೆಸರಿನಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವವರೂ ಇದ್ದಾರೆ. ನಮ್ಮ ಗೋಳು ಶುರುವಾಗುವುದು ಸಮಿತಿಯ ಬಾಗಿಲು ದಾಟಿದ ಮೇಲೆ.

ಕಳೆದ ವರ್ಷ ಬೇಸಿಗೆಯಲ್ಲಿ ಲಂಗರಿನ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕುಳಿತಿದ್ದ. ಒಂಬತ್ತು ವರ್ಷವಿರಬಹುದು. ಬಾಗಿಲಲ್ಲಿ ಕೊಡುವ ಕೇಸರಿ ಬಟ್ಟೆ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಜಾರುತ್ತಿತ್ತು. ರೊಟ್ಟಿಗೆ ಒಂದೇ ಕೈ ಚಾಚಿದ. ಬಡಿಸುವ ಹಿರಿಯರು ನಗುತ್ತಾ ಕಾದರು. ಪಕ್ಕದವರನ್ನು ನೋಡಿ ಎರಡೂ ಕೈ ಬೊಗಸೆ ಮಾಡಿ ಒಡ್ಡಿದ. ಎರಡು ರೊಟ್ಟಿ ಬಿದ್ದವು. ಒಂದನ್ನು ತಿಂದ, ಒಂದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ರಾತ್ರಿಗೆ ಇಲ್ಲಿಗೇ ಬರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು. ನಾಲ್ಕು ಭಾಷೆ ಬರುತ್ತದೆಂದು ನನ್ನನ್ನೂ ಜೊತೆಗೆ ಕರೆದರು. ಅವನು ಮರಾಠಿಯಲ್ಲಿ ಒಂದು ಹೆಸರು ಹೇಳಿದ, ದಖನಿ ಉರ್ದುವಿನಲ್ಲಿ ಕೇಳಿದಾಗ ಇನ್ನೊಂದು. ಮನೆಮಾತು ಲಂಬಾಣಿ. ಊರು ಕೇಳಿದರೆ "ತಾಂಡಾ" ಎಂದ. ಗಡಿಯ ಎರಡೂ ಬದಿಯಲ್ಲಿ ಎಷ್ಟು ಲಂಬಾಣಿ ತಾಂಡಾಗಳಿವೆಯೋ! ಕೇಳುತ್ತಾ ಹೋದಂತೆ ತಿಳಿದದ್ದು ಇಷ್ಟು: ಅಪ್ಪ ಮಹಾರಾಷ್ಟ್ರದ ಉದಗೀರ ಕಡೆಯವನು, ಕಬ್ಬು ಕಡಿಯಲು ಹೋದವನು. ತಾಯಿಯ ತವರು ನಮ್ಮ ಔರಾದ ತಾಲ್ಲೂಕು. ಹುಡುಗ ಹುಟ್ಟಿದ್ದು ತೆಲಂಗಾಣದ ಜಹೀರಾಬಾದ್ ಹತ್ತಿರದ ಇಟ್ಟಿಗೆ ಭಟ್ಟಿಯಲ್ಲಿ. ಮೂರು ರಾಜ್ಯ, ಒಂದು ಮಗು.

ಹೊರ ರಾಜ್ಯದ ಮಗುವಾದರೆ ಅಲ್ಲಿನ ಸಮಿತಿಗೆ ಬರೆಯಬೇಕು. ಅವರು ಮನೆ ಹುಡುಕಿ ವರದಿ ಕಳುಹಿಸಬೇಕು. ಬಳಿಕ ಬೆಂಗಾವಲಿನಲ್ಲಿ ಕಳುಹಿಸಬೇಕು. ಕನ್ನಡದಲ್ಲಿ ಹೋದ ಪತ್ರಕ್ಕೆ ತಿಂಗಳಾದ ಮೇಲೆ ಮರಾಠಿಯಲ್ಲಿ ಉತ್ತರ ಬಂತು: ಈ ಹೆಸರಿನ ಕುಟುಂಬ ಇಲ್ಲಿಲ್ಲ, ತಾಯಿಯ ಊರಿನಲ್ಲಿ ವಿಚಾರಿಸಿ. ತಾಯಿಯ ಊರಿನವರು ತಂದೆಯ ಊರು ತೋರಿಸಿದರು. ಇನ್ನೊಂದು ಪತ್ರ ತೆಲುಗಿನಲ್ಲಿ ಬಂತು. ಎಲ್ಲವನ್ನೂ ನಾನೇ ಕುಳಿತು ಕನ್ನಡಕ್ಕೆ ತಂದೆ. ಒಬ್ಬರೂ ಒರಟಾಗಿ ಬರೆದಿರಲಿಲ್ಲ. ಒಬ್ಬರೂ "ನಮ್ಮವನು" ಎಂದೂ ಬರೆದಿರಲಿಲ್ಲ. ನಮ್ಮ ಹಿರಿಯರು ಒಂದೇ ಸಂತೆಗೆ ಹೋಗುತ್ತಿದ್ದರು. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದರು. ನಾವು ಈ ಕಡೆ ಉಳಿದದ್ದಕ್ಕೆ ನನಗೆ ಸಂತೋಷವೇ ಇದೆ, ಕನ್ನಡಕ್ಕಾಗಿ ನಮ್ಮವರು ಪಟ್ಟ ಪಾಡು ಸಣ್ಣದಲ್ಲ. ಆದರೆ ಕಬ್ಬು ಕಡಿಯುವವರ ಕಾಲಿಗೆ ಆ ಗೆರೆ ಇಂದಿಗೂ ಕಾಣುವುದಿಲ್ಲ, ಅವರ ಮಕ್ಕಳ ಕಡತಕ್ಕೆ ಮಾತ್ರ ಗೋಡೆಯಾಗುತ್ತದೆ.

ಆದ್ದರಿಂದ, ಕನ್ನಡ ಬರುವುದಿಲ್ಲ ಎಂಬುದರಿಂದ ಮಕ್ಕಳು ನಮ್ಮವರಲ್ಲ ಎಂದು ದಯವಿಟ್ಟು ಎಣಿಸಬೇಡ. ಬೀದರಿನಲ್ಲಿ ಆ ಅಳತೆಗೋಲು ಹಿಡಿದರೆ ನನ್ನ ಓಣಿಯ ಅರ್ಧ ಜನ ಹೊರಗಿನವರಾಗುತ್ತಾರೆ.

ಹೋದ ಗುರುವಾರ ಆ ಹುಡುಗನಿರುವ ಬಾಲಮಂದಿರಕ್ಕೆ ಹೋಗಿದ್ದೆ. ಕೇಸರಿ ಬಟ್ಟೆ ಹಾಸಿಗೆಯ ತಲೆದೆಸೆಯಲ್ಲಿ ಮಡಚಿಟ್ಟಿತ್ತು. ನನ್ನನ್ನು ಕಂಡೊಡನೆ ಓಡಿ ಬಂದು, "ಕಾಕಾ, ನನ್ನ ಊರಿನ ಕಾಗದ ಬಂತೇ?" ಎಂದು ಕೇಳಿದ. ಕಾಯುತ್ತಾ ಕಾಯುತ್ತಾ ಅಷ್ಟು ಕನ್ನಡ ಕಲಿತಿದ್ದಾನೆ.